ಲಾರಿ ಪಕ್ಕದ ಒಲೆ ನೋಡಿ ಮೂಗು ಮುರಿಯೋರಿಗೆ

ಇವತ್ತು ಮಧ್ಯಾಹ್ನ ಕೊಡಗಿನ ಸುಂಟಿಕೊಪ್ಪದ ಹತ್ರ ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸ್ಕೊಂಡು ಡ್ರೈವರ್, ಕ್ಲೀನರ್ ಇಬ್ರೂ ಅಡುಗೆ ಮಾಡ್ತಾ ಇದ್ರು. ಮಂಜಿನ ಫೋಟೋ ತೆಗೆಯೋಕೆ ಕಾರಿಂದ ಇಳಿದ ಒಬ್ಬ ಮಹಾಶಯರು, "ಏನ್ರೀ ಗಲೀಜು ಇದು, ಹೋಟೆಲ್‌ಗೆ ಹೋಗೋಕಾಗಲ್ವಾ?" ಅಂದ್ರು. ಡ್ರೈವರ್ ಪಾಪ, "ಹತ್ತು ನಿಮಿಷ ಸಾರ್" ಅಂದ. ಲಾರಿ ವಿಷಯ ಬಂದ್ರೆ ನಾನು ಸುಮ್ನೆ ಕೂರೋನಲ್ಲ ಅಂತ ನಿಮಗೆಲ್ಲ ಗೊತ್ತು. ತಲೆ ಇನ್ನೂ ಬಿಸಿ ಇದೆ, ಅದಕ್ಕೇ ಈ ಬರಹ.

ಆ "ಗಲೀಜು" ಹೇಗಿತ್ತು ಗೊತ್ತಾ? ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ರು. ಗಾಳಿ ಬೀಸೋ ಕಡೆಗೆ ಲಾರಿಯನ್ನೇ ಅಡ್ಡ ಇಟ್ಟು, ಒಲೆ ಸುತ್ತ ಹಳೇ ಎಣ್ಣೆ ಡಬ್ಬ ಕತ್ತರಿಸಿ ಮೂರು ಬದಿ ಮರೆ ಮಾಡಿದ್ರು. ಐದು ಕೆಜಿ ಸಿಲಿಂಡರ್ ಮರೆಯ ಹೊರಗೆ, ಪೈಪಿನ ತುದಿಯಲ್ಲಿ, ನೆಟ್ಟಗೆ ನಿಂತಿತ್ತು. ಸಿಲಿಂಡರ್ ಮೇಲೇ ಬರ್ನರ್ ಕೂರಿಸೋ ಒಲೆಗೆ ಈ ತಗಡಿನ ಮರೆ ಕಟ್ಟಲೇಬಾರದು, ಶಾಖ ಹೊರಗೆ ಹೋಗದೆ ಸಿಲಿಂಡರೇ ಕಾಯುತ್ತೆ. ಇಷ್ಟು ತಿಳಿದು ಒಲೆ ಹಚ್ಚಿದವನಿಗೆ ಗಲೀಜು ಅನ್ನೋದು!

ಒಲೆ ಮೇಲೆ ಇದ್ದದ್ದು ಕುಕ್ಕರ್. ಕುಕ್ಕರ್ ಯಾಕೆ, ಸುಮ್ನೆ ಪಾತ್ರೆ ಸಾಲದಾ ಅಂತ ಕೇಳಬಹುದು. ಮಡಿಕೇರಿ ಇರೋದು ಸಾವಿರ ಮೀಟರ್‌ಗಿಂತ ಮೇಲೆ. ಇಲ್ಲಿ ನೀರು 100 ಡಿಗ್ರಿ ಮುಟ್ಟೋದೇ ಇಲ್ಲ, ಸುಮಾರು 96ಕ್ಕೇ ಕುದಿಯುತ್ತೆ. ಮಂಗಳೂರಲ್ಲಿ ಸರಿಯಾಗಿ ಬೆಂದ ಬೇಳೆ ಘಾಟಿ ಹತ್ತಿ ಬಂದ ಮೇಲೆ ಅದೇ ಹೊತ್ತಲ್ಲಿ ಬೇಯಲ್ಲ. ಬೇಳೆ ಹಳೇದು ಅಂತ ಅಂಗಡಿಯವನಿಗೆ ಬಯ್ದು ಪ್ರಯೋಜನ ಇಲ್ಲ.

ದಾರೀಲಿ ಬೇಳೆ ಅನ್ನ ಮಾಡೋಕೆ ಇಬ್ಬರಿಗೆ ಐದು ಲೀಟರ್ ಕುಕ್ಕರ್ ಬೇಕು. ಒಂದೂವರೆ ಪಾವು ಅಕ್ಕಿ, ಅರ್ಧ ಪಾವು ಹೆಸರುಬೇಳೆ, ಆರು ಪಾವು ನೀರು. ತೊಗರಿಬೇಳೆ ಮನೇಲಿ ಚೆಂದ, ದಾರೀಲಿ ಅದು ಗ್ಯಾಸ್ ತಿನ್ನುತ್ತೆ. ಅಕ್ಕಿ ಬೇಳೆ ತೊಳೆದು ಇಪ್ಪತ್ತು ನಿಮಿಷ ನೆನೆಯೋಕೆ ಬಿಟ್ಟು ಟೈರ್, ಹಗ್ಗ, ಟಾರ್ಪಾಲ್ ನೋಡ್ಕೊಂಡು ಬರಬಹುದು. ಆಮೇಲೆ ಎಣ್ಣೆ, ಜೀರಿಗೆ, ಜಜ್ಜಿದ ಕರಿಮೆಣಸು (ಕೊಡಗಲ್ಲಿ ಇದ್ದು ಮೆಣಸಿಗೆ ಜಿಪುಣತನ ಯಾಕೆ?), ಈರುಳ್ಳಿ, ಬೀನ್ಸ್, ಕ್ಯಾರೆಟ್. ಎಲ್ಲಾ ಸೇರಿ ಅರ್ಧ ಕುಕ್ಕರ್ ದಾಟಬಾರದು. ದಾಟಿದ್ರೆ ಬೇಳೆ ನೊರೆ ಉಕ್ಕಿ ವೆಯ್ಟ್ ಕೂರೋ ತೂತಿಗೆ ಕಟ್ಟಿಕೊಳ್ಳುತ್ತೆ. ನೆಲ ಓರೆ ಇದ್ರೂ ಕಷ್ಟ, ಒಂದು ಕಡೆ ತಳ ಹಿಡಿಯುತ್ತೆ, ಇನ್ನೊಂದು ಕಡೆ ಗಂಜಿ. ಮೂರು ಸೀಟಿ ಆದ ಮೇಲೆ ಇಳಿಸಿ ಹತ್ತು ನಿಮಿಷ ಮುಟ್ಟಬಾರದು. ಅವಸರಕ್ಕೆ ವೆಯ್ಟ್ ಎತ್ತಿದವರ ಕ್ಯಾಬಿನ್ ಬಾಗಿಲ ಮೇಲೆ ಹೆಸರುಬೇಳೆಯ ಚಿತ್ತಾರ ನೋಡಬೇಕು ನೀವು.

ಹುಳಿಗೆ ಕಾಚಂಪುಳಿ, ಅಂದ್ರೆ ಹಣ್ಣಿನ ರಸ ಬತ್ತಿಸಿ ಮಾಡೋ ಕೊಡಗಿನ ಕಪ್ಪು ಹುಳಿ. ಹುಣಸೆಹಣ್ಣಾದ್ರೆ ನೆನೆಸಬೇಕು, ಹಿಂಡಬೇಕು, ಕೈ ತೊಳೀಬೇಕು. ಇದು ಕಾಲು ಚಮಚ, ಅಷ್ಟೇ. ಫ್ರಿಜ್ ಬೇಡ, ಸಣ್ಣ ಗಾಜಿನ ಶೀಶೆಯಲ್ಲಿ ವರ್ಷಗಟ್ಟಲೆ ಇರುತ್ತೆ. ಆದ್ರೆ ಅಲ್ಯೂಮಿನಿಯಂ ಕುಕ್ಕರ್ ಒಳಗೆ ಸುರಿದು ಕುದಿಸಬೇಡಿ, ಹುಳಿಗೆ ಪಾತ್ರೆಯ ಲೋಹ ಸ್ವಲ್ಪ ಕರಗಿ ಊಟಕ್ಕೆ ಸೇರುತ್ತೆ. ತಟ್ಟೆಗೆ ಹಾಕ್ಕೊಂಡು ಕಲಸಿ.

"ಕಾಚಂಪುಳಿ ಹಾಕಿದ ಪಂದಿಕರಿ (ಹಂದಿಮಾಂಸದ ಸಾರು) ಕೆಡಲ್ಲ, ಮೂರು ದಿನ ಇಟ್ಕೊಂಡು ಹೋಗ್ತೇವೆ" ಅನ್ನೋ ಶೂರರೂ ಇದ್ದಾರೆ. ಮಾರಾಯ್ರೇ, ಅದು ಹುಳಿ, ಫ್ರಿಜ್ ಅಲ್ಲ. ಮೊದಲ ಊಟಕ್ಕೇ ಮುಗಿಸಿ. ಅನ್ನದ ಡಬ್ಬ ಎಂಜಿನ್ ಬಾನೆಟ್ ಮೇಲೆ ಇಟ್ಟು ಬೆಚ್ಚಗಿಡೋದಂತೂ ಇನ್ನೂ ಕೆಟ್ಟ ಅಭ್ಯಾಸ. ಆ ಉಗುರುಬೆಚ್ಚಗೆಯೇ ಬ್ಯಾಕ್ಟೀರಿಯಾಕ್ಕೆ ಹಬ್ಬ. ಅನ್ನದಲ್ಲಿ ಬೆಳೆಯೋ ಒಂದು ಜಾತಿಯ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಹೋಟೆಲ್ ಊಟಕ್ಕೆ ಬಯ್ಯೋ ಎಷ್ಟೋ ಹೊಟ್ಟೆನೋವು ಈ ಬಾನೆಟ್ಟಿಂದಲೇ ಬಂದದ್ದು.

ಸರಿ, ಹೋಟೆಲ್‌ಗೆ ಬರೋಣ. ಹನ್ನೆರಡು ಚಕ್ರದ ಲಾರಿಯನ್ನ ಮಡಿಕೇರಿ ಪೇಟೆಯಲ್ಲಿ ಎಲ್ಲಿ ನಿಲ್ಲಿಸ್ಬೇಕು, ಆ ಮಹಾಶಯರೇ ಹೇಳಲಿ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬಂತು. ಐದು ಗಂಟೆ ಕೆಲಸಕ್ಕೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು ಅಂತ ಅದರಲ್ಲೇ ಇತ್ತು. ಆ ಅರ್ಧ ಗಂಟೆ ಎಲ್ಲಿ ಕಳೀಬೇಕು? ಮಡಿಕೇರಿಯಿಂದ ಸಂಪಾಜೆ ತನಕ ಇಳೀರಿ. ಲಾರಿ ನಿಲ್ಲಿಸೋಕೆ ಮಟ್ಟಸ ನೆಲ, ಒಂದು ನಲ್ಲಿ, ಮೇಲೊಂದು ಶೀಟು, ಮೂರೂ ಒಟ್ಟಿಗೆ ಇರೋ ಜಾಗ ತೋರಿಸಿ ನೋಡೋಣ. ಸೂರ್ಯಾಸ್ತ ನೋಡೋಕಾದ್ರೆ ರಾಜಾಸೀಟಲ್ಲಿ ಕಂಬಿ ಕಟ್ಟಿ ಕೊಟ್ಟಿದ್ದೇವೆ.

"ರಸ್ತೆ ಬದಿ ಗ್ಯಾಸ್ ಹಚ್ಚೋದು ಅಪಾಯ ಅಲ್ವಾ?" ಅಪಾಯವೇ. ಆದ್ರೆ ಜಾಗ ಕೊಡದೆ ಓಡಿಸಿದ್ರೆ ಜೂನ್, ಜುಲೈ ಮಳೇಲಿ ಅವರು ಒಲೆ ಎಲ್ಲಿಗೆ ಒಯ್ಯೋದು? ಕ್ಯಾಬಿನ್ ಒಳಗೆ. ಗಾಜು ಏರಿಸಿ ಒಲೆ ಹಚ್ಚಿದ್ರೆ ಕಾರ್ಬನ್ ಮೊನಾಕ್ಸೈಡ್, ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು ಅಂತ ಮಲಗಿದವರು ಏಳದೇ ಇರಬಹುದು. 2025ರ ಅಕ್ಟೋಬರಿಂದ ಹೊಸ ಲಾರಿಗಳಿಗೆ ಏಸಿ ಕ್ಯಾಬಿನ್ ಕಡ್ಡಾಯ, ಒಳ್ಳೇದೇ. ಆದ್ರೆ ಏಸಿ ಅಂದ್ರೆ ಗಾಜು ಮುಚ್ಚಿಯೇ ಇರುತ್ತೆ ಅನ್ನೋದು ನೆನಪಿರಲಿ. ಮಳೆ ಬಂದ್ರೆ ಲಾರಿ ಬಾಡಿಯಿಂದ ಟಾರ್ಪಾಲ್ ಇಳಿಸಿ ಎರಡು ಕೋಲು ಕೊಟ್ಟು, ಹೊರಗೇ ಬೇಯಿಸಿ. ಅದೂ ಆಗದ ದಿನ ಅವಲಕ್ಕಿ, ಬೆಲ್ಲ, ಬಾಳೆಹಣ್ಣು.

ಒಪ್ಪಿಕೊಳ್ತೇನೆ, ಕಾರಲ್ಲಿ ಹೋಗುವಾಗ ಇಂಥ ಲಾರಿ ಹಿಂದೆ ಸಿಕ್ಕಿಹಾಕ್ಕೊಂಡು ಹಾರ್ನ್ ಹೊಡೆದವನೇ ನಾನೂ.

ಇವತ್ತು ಮಾತ್ರ ಹೊಡೀಲಿಲ್ಲ. ಮೂರನೇ ಸೀಟಿ ಆಗೋದ್ರೊಳಗೆ ಫೋಟೋದವರ ಕಾರು ಹೊರಟಿತ್ತು. ಕ್ಲೀನರ್ ಹುಡುಗ ಎರಡು ತಟ್ಟೆಯನ್ನ ಅರ್ಧ ಚೊಂಬು ನೀರಲ್ಲಿ ತೊಳೀತಾ ಇದ್ದ. ಕ್ಯಾನ್ ತಳದಲ್ಲಿ ಇನ್ನೆರಡು ಚೊಂಬು ನೀರಿತ್ತೋ ಏನೋ.