ಪರ-ವಿರೋಧ: ಜೂನ್ ಬಂತೆಂದು, ಡೀಸೆಲ್ ಏರಿತೆಂದು ಸೈಕಲ್ ದರ ಹೆಚ್ಚಿಸುವುದು ಸರಿಯೇ?

ಪರ: ಒಂದೂವರೆ ತಿಂಗಳ ವ್ಯಾಪಾರ, ಹನ್ನೆರಡು ತಿಂಗಳ ಬಾಡಿಗೆ
(ಲೇಖಕರು ತುಮಕೂರಿನ ಸೈಕಲ್ ವ್ಯಾಪಾರಿ)

ನನ್ನ ಅಂಗಡಿಯಲ್ಲಿ ವರ್ಷವಿಡೀ ಮಾರಾಟವಾಗುವ ಸೈಕಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೇ ನಡುವಿನಿಂದ ಜೂನ್ ಕೊನೆಯೊಳಗೆ ಹೋಗುತ್ತವೆ. ಶಾಲೆ ತೆರೆಯುವ ವಾರ ನಮಗೆ ಊಟಕ್ಕೂ ಬಿಡುವಿರುವುದಿಲ್ಲ. ಜುಲೈನಲ್ಲಿ ಮಳೆ ಹಿಡಿಯುತ್ತದೆ, ಆಷಾಢವೂ ಬರುತ್ತದೆ. ಆಮೇಲೆ ಬರುವವರು ಪಂಕ್ಚರ್ ಹಾಕಿಸುವವರು, ಬ್ರೇಕ್ ರಬ್ಬರ್ ಬದಲಿಸುವವರು ಮಾತ್ರ. ಆಯುಧಪೂಜೆ, ದೀಪಾವಳಿಗೆ ಸ್ವಲ್ಪ ಉಸಿರು. ಸಂಕ್ರಾಂತಿ ಕಳೆದ ಮೇಲೆ ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಒಂದು ಸೈಕಲ್ ಕೂಡ ಹೋಗದ ವಾರಗಳಿವೆ. ಮಳಿಗೆಯ ಬಾಡಿಗೆ, ಫಿಟ್ಟರ್‌ನ ಸಂಬಳ, ಬ್ಯಾಂಕಿನ ಬಡ್ಡಿಗೆ ಮಾತ್ರ ಆಷಾಢವಿಲ್ಲ. ಜೂನ್‌ನಲ್ಲಿ ನಾಲ್ಕು ಕಾಸು ಉಳಿಸಿಕೊಳ್ಳದ ಅಂಗಡಿ ಫೆಬ್ರವರಿಯಲ್ಲಿ ಬಾಗಿಲು ತೆರೆದಿರುವುದಿಲ್ಲ.

‘ಸೀಸನ್ ಲೂಟಿ’ ಎಂಬ ಮಾತು ಕೇಳಿದಾಗ ನನಗೆ ನೋವಾಗುತ್ತದೆ. ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ಪಡೆದರೂ ಅದು ಕಾನೂನಿನ ಪ್ರಕಾರ ಅಪರಾಧ. ಉಳಿದ ತಿಂಗಳುಗಳಲ್ಲಿ ನಾವು ಆ ಎಂಆರ್‌ಪಿಯಲ್ಲಿ ಐನೂರು, ಆರುನೂರು ಬಿಟ್ಟು ಕೊಡುತ್ತೇವೆ, ಜೂನ್‌ನಲ್ಲಿ ಬಿಡುವುದಿಲ್ಲ. ಕೊಳ್ಳುವವರಿಗೆ ಇದು ದರ ಏರಿದಂತೆ ಕಾಣುತ್ತದೆ. ಕಾರ್ತಿಕದಲ್ಲಿ ನಾವು ಬಿಟ್ಟುಕೊಟ್ಟದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಡೀಸೆಲ್ ವಿಷಯ. ಸೈಕಲ್‌ಗೆ ಇಂಧನವೇ ಬೇಡವಲ್ಲ, ಅದರ ದರ ಏರಿದರೆ ನಿಮಗೇನು ಎಂದು ಓದಿದವರೇ ಕೇಳುತ್ತಾರೆ. ಈ ದೇಶದ ಸೈಕಲ್ ಉದ್ಯಮದ ತವರು ಪಂಜಾಬಿನ ಲೂಧಿಯಾನ. ಅಲ್ಲಿಂದ ನನ್ನ ಅಂಗಡಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ, ಅಷ್ಟೂ ದೂರ ಲಾರಿಯಲ್ಲೇ. ಸೈಕಲ್ ಹಗುರ, ಆದರೆ ಜಾಗ ನುಂಗುವ ಸರಕು. ಫ್ರೇಮು, ರಿಮ್ಮು, ಮಡ್‌ಗಾರ್ಡುಗಳನ್ನು ಬಿಡಿಬಿಡಿಯಾಗಿ ಕಟ್ಟಿ ಕಳಿಸಿದರೂ ಲಾರಿಯ ತೂಕದ ಮಿತಿ ಮುಟ್ಟುವ ಮೊದಲೇ ಜಾಗ ಮುಗಿದುಹೋಗುತ್ತದೆ. ಹಾಗಾಗಿ ಒಂದು ಸೈಕಲ್‌ನ ಪಾಲಿಗೆ ಬೀಳುವ ಬಾಡಿಗೆ ದೊಡ್ಡದು. ಡೀಸೆಲ್ ಏರಿದ ವಾರವೇ ಟ್ರಾನ್ಸ್‌ಪೋರ್ಟ್‌ನವರು ಹೊಸ ದರ ಹೇಳುತ್ತಾರೆ.

ಸಾಗಣೆಯೊಂದೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಟೈರನ್ನು ನೋಡಿ: ಅದಕ್ಕೆ ಕಪ್ಪು ಬಣ್ಣವನ್ನೂ ಗಟ್ಟಿತನವನ್ನೂ ಕೊಡುವ ಕಾರ್ಬನ್ ಬ್ಲ್ಯಾಕ್, ಒಳಗಿನ ನೈಲಾನ್ ದಾರ, ಕೃತಕ ರಬ್ಬರ್, ಇವೆಲ್ಲ ಕಚ್ಚಾತೈಲದಿಂದಲೇ ಬರುತ್ತವೆ. ಸೀಟಿನ ಫೋಮು, ಹ್ಯಾಂಡಲ್ ಗ್ರಿಪ್ಪು, ಪೆಡಲ್‌ನ ಪ್ಲಾಸ್ಟಿಕ್ಕು, ಚೈನಿಗೆ ಹಚ್ಚುವ ಗ್ರೀಸು ಕೂಡ. ಪೆಟ್ರೋಲ್, ಡೀಸೆಲ್ ದರ ದಿನವೂ ಬದಲಾಗಬಹುದಾದ ವ್ಯವಸ್ಥೆ 2017ರ ಜೂನ್ 16ರಿಂದ ದೇಶದಲ್ಲೆಲ್ಲ ಇದೆ. ನಾನು ಜೂನ್‌ನ ಮಾಲಿಗೆ ಮಾರ್ಚ್‌ನಲ್ಲೇ ಹಣ ಕಟ್ಟಬೇಕು. ಈ ಮೂರು ತಿಂಗಳ ನಡುವೆ ಏನಾದರೂ ಆದರೆ ಹೊರುವವನು ನಾನೇ.

ಆಯಿತು ಕೂಡ. 2020ರ ಲಾಕ್‌ಡೌನ್ ಸಡಿಲವಾದ ಮೇಲೆ ಸೈಕಲ್ ಕೇಳಿಕೊಂಡು ಬಂದವರ ಸಾಲನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಬಸ್ ಹತ್ತಲು ಭಯಪಟ್ಟವರು, ಜಿಮ್ ಮುಚ್ಚಿದ್ದರಿಂದ ಬಂದವರು, ಅಪ್ಪನ ಕೈ ಹಿಡಿದು ಬಂದ ಮಕ್ಕಳು. ಕೊಡಲು ಅಂಗಡಿಯಲ್ಲಿ ಮಾಲಿರಲಿಲ್ಲ. ಈ ಬಾರಿ ಹಾಗಾಗಬಾರದೆಂದು 2021ರ ಮಾರ್ಚ್‌ನಲ್ಲಿ ಮನೆಯಾಕೆಯ ಒಡವೆ ಅಡವಿಟ್ಟು ಎರಡರಷ್ಟು ಬುಕ್ ಮಾಡಿದೆ. ಆ ಹೊತ್ತಿಗೆ ಉಕ್ಕಿನ ದರ ತುಂಬ ಮೇಲೇರಿತ್ತು, ಆದ್ದರಿಂದ ಖರೀದಿ ದರವೂ ಮೇಲೆಯೇ. ಏಪ್ರಿಲ್ ಕೊನೆಯಲ್ಲಿ ಎರಡನೇ ಅಲೆಯ ಲಾಕ್‌ಡೌನ್ ಬಂತು. ಮೇ ಪೂರ್ತಿ ಅಂಗಡಿ ಮುಚ್ಚಿತ್ತು. ಜೂನ್‌ನಲ್ಲಿ ಶಾಲೆ ತೆರೆಯಲಿಲ್ಲ. ಪ್ರೌಢಶಾಲೆಯ ಮಕ್ಕಳು ತರಗತಿಗೆ ಬಂದದ್ದು ಆಗಸ್ಟ್ ಕೊನೆಯ ವಾರದಲ್ಲಿ. ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ್ದು ಅದೇ ಜೂನ್‌ನಲ್ಲಿ. ಇನ್ನು ಜನ ಸೈಕಲ್‌ಗೆ ಮುಗಿಬೀಳುತ್ತಾರೆ ಎಂದು ಎಲ್ಲರೂ ನನಗೆ ಧೈರ್ಯ ಹೇಳಿದರು. ಯಾರೂ ಬರಲಿಲ್ಲ. ನಿಂತ ಸೈಕಲ್‌ಗಳ ಟ್ಯೂಬು ಟೈರಿಗೆ ಅಂಟಿಕೊಂಡವು, ರಿಮ್ಮಿಗೆ ತುಕ್ಕು ಹಿಡಿಯಿತು. ಫಿಟ್ಟರ್ ಒಂದೊಂದನ್ನೇ ಇಳಿಸಿ, ಒರೆಸಿ, ರಿಮ್ಮಿನ ಔಟ್ (ಸೊಟ್ಟ) ತೆಗೆದು ಮತ್ತೆ ನಿಲ್ಲಿಸುತ್ತಿದ್ದ. ಅಸಲಿಗಿಂತ ಕಡಿಮೆಗೆ ಮಾರಿದೆ. ಒಡವೆ ಬಿಡಿಸಲು ಎರಡು ಜೂನ್‌ಗಳು ಬೇಕಾದವು. ಆ ಎರಡು ಜೂನ್‌ಗಳಲ್ಲಿ ನಾನು ರಿಯಾಯಿತಿ ಕೊಡಲಿಲ್ಲ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ.

ಇಳಿಸುವಾಗ ಇಳಿಸುವುದೂ ನಮಗೆ ಗೊತ್ತು. 2025ರ ಸೆಪ್ಟೆಂಬರ್ 22ರಂದು ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅಂದು ಬೆಳಿಗ್ಗೆಯೇ ಹಳೆಯ ಸ್ಟಾಕಿಗೂ ಹೊಸ ದರದ ಚೀಟಿ ಅಂಟಿಸಿದೆ. ದುಬಾರಿ ಎನ್ನುವ ಪೋಷಕರಲ್ಲಿ ನನ್ನದೊಂದು ಕೋರಿಕೆ: ಫೆಬ್ರವರಿಯಲ್ಲಿ ಬನ್ನಿ. ಕುರ್ಚಿ ಹಾಕಿ ಕೂರಿಸಿ, ನಿಮ್ಮ ಮಗುವಿನ ಕಾಲಳತೆಗೆ ಸೀಟು ಹೊಂದಿಸಿ, ಕೇಳಿದಷ್ಟು ಬಿಟ್ಟು ಕೊಡುತ್ತೇನೆ.

ವಿರೋಧ: ಫೆಬ್ರವರಿಯಲ್ಲಿ ಹಣ ಇರುವುದಿಲ್ಲ
(ಲೇಖಕಿ ಚಳ್ಳಕೆರೆ ಕಡೆಯ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ)

ಈ ಪಕ್ಷ ವಹಿಸಿ ಬರೆಯಿರಿ ಎಂದು ಕೇಳಿದಾಗ ಮೊದಲು ಹಿಂಜರಿದೆ. ವ್ಯಾಪಾರಿಗೂ ಸಂಸಾರವಿದೆ, ಡೀಸೆಲ್ ಏರಿದರೆ ಲಾರಿ ಬಾಡಿಗೆ ಏರುತ್ತದೆ, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಏರಿದ್ದು ಇಳಿಯುವುದಿಲ್ಲ ಎಂಬುದು ನನ್ನ ದೂರು. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ 10 ರೂಪಾಯಿ ಕಡಿತಗೊಳಿಸಿತು, ರಾಜ್ಯವೂ ತನ್ನ ತೆರಿಗೆಯಲ್ಲಿ 7 ರೂಪಾಯಿ ಕಡಿಮೆ ಮಾಡಿತು. ಆ ತಿಂಗಳು ಸೈಕಲ್ ಅಗ್ಗವಾದುದನ್ನು ನಮ್ಮ ಊರಿನಲ್ಲಿ ಯಾರೂ ಕಾಣಲಿಲ್ಲ.

ತೈಲ ಏರಿದರೆ ಸೈಕಲ್‌ಗೆ ಬೇಡಿಕೆ ಏರುತ್ತದೆ, ಬೇಡಿಕೆ ಏರಿದರೆ ದರ ಏರುತ್ತದೆ ಎಂಬ ವಾದವೂ ಇದೆ. ಇತಿಹಾಸ ಅದಕ್ಕೆ ಪೂರ್ತಿ ಒಪ್ಪುವುದಿಲ್ಲ. 1973ರಲ್ಲಿ ಅಮೆರಿಕದಲ್ಲಿ ಒಂದೂವರೆ ಕೋಟಿ ಸೈಕಲ್ ಮಾರಾಟವಾದವು. ಅರಬ್ ರಾಷ್ಟ್ರಗಳ ತೈಲ ನಿರ್ಬಂಧ ಶುರುವಾದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ತೈಲ ಬೆಲೆ ನಾಲ್ಕು ಪಟ್ಟಾಯಿತು. ಆದರೆ 1975ರ ಹೊತ್ತಿಗೆ ಅಲ್ಲಿನ ಸೈಕಲ್ ಮಾರಾಟ ಅರ್ಧಕ್ಕೆ ಇಳಿದಿತ್ತು. ಅಂಕಿಅಂಶದಲ್ಲಿ ನನಗೆ ಹೇಳಲು ಇರುವುದು ಇಷ್ಟು.

ಉಳಿದದ್ದು ಒಬ್ಬ ಹುಡುಗಿಯ ವಿಷಯ. ನಮ್ಮ ಶಾಲೆಯಲ್ಲಿ ಎಂಟನೇ ತರಗತಿಗೆ ಬಂದ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. 2006-07ರಲ್ಲಿ ಆರಂಭವಾದ ಆ ಯೋಜನೆ ಕೋವಿಡ್ ಬಂದ ಮೇಲೆ ನಿಂತಿತು. ಅದು ಇದ್ದಷ್ಟು ವರ್ಷ ಜೂನ್‌ನ ಅಂಗಡಿ ದರ ಏನೆಂದು ನಾನು ಕೇಳಿದವಳೇ ಅಲ್ಲ. 2023ರಲ್ಲಿ ಎಂಟಕ್ಕೆ ಸೇರಿದ ಈ ಹುಡುಗಿಯ ಊರು ಶಾಲೆಯಿಂದ ಆರು ಕಿಲೋಮೀಟರ್. ಆ ಜೂನ್‌ನಲ್ಲೇ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಉಚಿತವಾಯಿತು, ಆದರೆ ಅವಳ ಊರಿಗೆ ಶಾಲೆಯ ಹೊತ್ತಿಗೆ ಬಸ್ಸೇ ಇರಲಿಲ್ಲ. ತಂದೆ ಕುರಿ ಸಾಕುವವರು. ಏಪ್ರಿಲ್‌ನಲ್ಲಿ ಅಂಗಡಿಗೆ ಹೋಗಿ ಲೇಡೀಸ್ ಸೈಕಲ್ ಎಷ್ಟು ಎಂದು ಕೇಳಿದ್ದರು. ನಾಲ್ಕೂವರೆ ಸಾವಿರ ಎಂದಿದ್ದರಂತೆ. ಎರಡು ಕುರಿಮರಿ ಮಾರಿ, ಅಷ್ಟನ್ನೇ ಎಣಿಸಿಕೊಂಡು, ಶಾಲೆ ಶುರುವಾದ ವಾರ ಮಗಳನ್ನು ಕರೆದುಕೊಂಡು ಹೋದರು. ಐದು ಸಾವಿರದ ಇನ್ನೂರು ಎಂದರು. ಡೀಸೆಲ್ ಏರಿದೆ ಎಂದೂ ಹೇಳಿದರಂತೆ. ಆ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಡೀಸೆಲ್ ದರ ಏರಿರಲಿಲ್ಲ, ಪತ್ರಿಕೆ ಓದುವ ನನಗೆ ಅದು ಗೊತ್ತು. ಅವರಿಗೆ ಹೇಗೆ ಗೊತ್ತಾಗಬೇಕು?

ಬರಿಗೈಯಲ್ಲಿ ಬಂದರು. ಫೆಬ್ರವರಿಯಲ್ಲಿ ಬನ್ನಿ ಎಂದು ಅಂಗಡಿಯವರು ಹೇಳಬಹುದು. ಕುರಿ ಸಾಕುವವರ ಮನೆಯಲ್ಲಿ ಹಣ ಇರುವುದು ಮರಿ ಮಾರಿದ ವಾರ ಮಾತ್ರ. ಜುಲೈನಲ್ಲಿ ಅದು ಬೀಜ, ಗೊಬ್ಬರಕ್ಕೆ ಹೋಯಿತು. ಹುಡುಗಿ ನಡೆದೇ ಬರುತ್ತಿದ್ದಳು, ಹೆಚ್ಚಿನ ದಿನ ಎರಡನೇ ಪೀರಿಯಡ್‌ಗೆ. ಮಳೆ ಬಂದ ದಿನ ಬರುತ್ತಲೇ ಇರಲಿಲ್ಲ. ವಿಷಯ ನನಗೆ ತಿಳಿದದ್ದು ದಸರಾ ರಜೆಯ ಹಿಂದಿನ ದಿನ, ಅವಳ ಗೆಳತಿಯಿಂದ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿ ಕೊರತೆಯ ಏಳುನೂರು ಹೊಂದಿಸುವುದು ಹತ್ತು ನಿಮಿಷದ ಕೆಲಸವಾಗಿತ್ತು. ಆದರೆ ಅಷ್ಟು ಹೊತ್ತಿಗೆ ಕೊರತೆ ಏಳುನೂರಾಗಿ ಉಳಿದಿರಲಿಲ್ಲ. ನವೆಂಬರ್‌ನಲ್ಲಿ ಅವಳು ಶಾಲೆ ಬಿಟ್ಟಳು. ಹಾಜರಿ ಪುಸ್ತಕದಲ್ಲಿ ಜೂನ್‌ನಿಂದ ಅವಳ ಹೆಸರಿನ ಮುಂದಿರುವ ಗೈರುಹಾಜರಿಯ ಗುರುತುಗಳೆಲ್ಲ ನನ್ನ ಕೈಬರಹದಲ್ಲಿವೆ.