ನನ್ನ ಪಾಲಿನ ಮೂರು ಇಂಚು

ಆ ಟೇಪನ್ನು ನಾನು ಕೈಗೆ ತೆಗೆದುಕೊಳ್ಳಬಾರದಿತ್ತು. ನಿನ್ನೆ ಸಂಜೆಯಿಂದ ಇದೊಂದೇ ಮಾತು ಕೊರೆಯುತ್ತಿದೆ. ರಾತ್ರಿ ಒಂದೂವರೆಯವರೆಗೆ ಪಕ್ಕದ ಮನೆಯವರ ಏಸಿ ಯಂತ್ರವೂ ನಿಲ್ಲಲಿಲ್ಲ, ನನಗೆ ನಿದ್ದೆಯೂ ಬರಲಿಲ್ಲ. ಅವರೊಂದಿಗಿನ ನೀರಿನ ಸಂಪಿನ ಹಳೆಯ ಪ್ರಕರಣವನ್ನು ಇಲ್ಲಿ ಎತ್ತುವುದಿಲ್ಲ. ಅದು ಮುಗಿದಿದೆ, ಅಥವಾ ಮುಗಿದಿದೆ ಎಂದು ನಾನೊಬ್ಬನೇ ತಿಳಿದುಕೊಂಡಿದ್ದೆ.

ಶಿರಸಿಯ ಮದುವೆ ಮುಗಿಸಿಕೊಂಡು ಮೂರು ದಿನಗಳ ನಂತರ ಧಾರವಾಡಕ್ಕೆ ಬಂದು ಹಿತ್ತಲ ಬಾಗಿಲು ತೆರೆದರೆ, ಎರಡೂ ಮನೆಯವರು ಸಮಪಾಲು ಹಣ ಹಾಕಿ ಕಟ್ಟಿಸಿದ ಕಾಂಪೌಂಡ್ ಗೋಡೆಯಲ್ಲಿ ನಾಲ್ಕು ಬೋಲ್ಟುಗಳ ತುದಿ ನಮ್ಮ ಕಡೆಗೆ ಇಣುಕುತ್ತಿದ್ದವು. ಗೋಡೆಯ ಮೇಲೆ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಏಸಿಯ ಔಟ್‌ಡೋರ್ ಯೂನಿಟ್ಟು, ಅದರ ಫ್ಯಾನು ಮುಖ ಮಾಡಿದ್ದು ನಮ್ಮ ಅಡಿಗೆಮನೆಯ ಕಿಟಕಿಗೆ. ಅವರ ಕಡೆಗೆ ತಿರುಗಿಸಿದರೆ ಅವರ ವರಾಂಡಕ್ಕೆ ಬಿಸಿಗಾಳಿ ಹೊಡೆಯುತ್ತದೆಯಂತೆ. ಇದನ್ನು ಅವರು ಯಾವ ಸಂಕೋಚವೂ ಇಲ್ಲದೆ ನನಗೇ ಹೇಳಿದರು.

ಮಾತನಾಡಲೆಂದು ಹೋದವನು ನಾನು, ಜಗಳವಾಡಲೆಂದಲ್ಲ. ಫಿಟ್ಟಿಂಗಿಗೆ ಬಂದ ಹುಡುಗ ಇನ್ನೂ ಪೈಪಿಗೆ ಟೇಪು ಸುತ್ತುತ್ತಿದ್ದ. ಎದುರುಮನೆಯ ನಿವೃತ್ತ ಮಾಸ್ತರರು ಗೇಟಿನ ಬಳಿ ನಿಂತಿದ್ದರು, ಹೂವಿನಾಕೆ ಬುಟ್ಟಿ ಇಳಿಸಿಕೊಂಡು ಕುಳಿತಿದ್ದಳು. ನನ್ನನ್ನು ಕೇಳದೆ ಹೇಗೆ ಹಚ್ಚಿಸಿದಿರಿ ಎಂದೆ. "ಯುಗಾದಿ ದಿನ ಕೇಳೇವಲ್ಲರೀ ಸರ, ನೀವು ನೋಡೋಣು ಅಂದಿದ್ರಿ" ಎಂದರು. ನಮ್ಮ ಭಾಗದಲ್ಲಿ ನೋಡೋಣು ಎಂದರೆ ಬೇಡ ಎಂದರ್ಥ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಹಬ್ಬದ ದಿನ ಬೇವುಬೆಲ್ಲ ಕೊಡಲು ಬಂದವರ ಮುಖಕ್ಕೆ ಬೇಡ ಎನ್ನಲಾಗದೆ ಆಡಿದ ಮಾತು ಅದು. ಅವರೂ ಇದೇ ಭಾಗದವರು, ಅದರ ಅರ್ಥ ಅವರಿಗೆ ತಿಳಿಯದ್ದೇನಲ್ಲ.

ಗೋಡೆಯ ಅರ್ಧ ನನ್ನದು ಎಂದೆ. ಆಗ ಅವರು, ಎಲ್ಲರಿಗೂ ಕೇಳುವಂತೆ, ಆದರೆ ಬಹಳ ಮರ್ಯಾದೆಯಿಂದ, "ನಿಮ್ಮ ಅರ್ಧ ಎಲ್ಲಿಂದ ಎಲ್ಲಿತನಾ ಐತಿ, ನೀವ ಅಳದು ತೋರಸ್ರೀ ಸರ. ಮಂದಿ ಹೊಲಾ ಎಲ್ಲಾ ಅಳದವ್ರು ನೀವು" ಎಂದು ಹೇಳಿ, ಆ ಹುಡುಗನಿಂದ ಅಳತೆಯ ಟೇಪು ಇಸಿದುಕೊಂಡು ನನ್ನ ಮುಂದೆ ಹಿಡಿದರು.

ಅಲ್ಲಿಂದ ತಿರುಗಿ ಮನೆಗೆ ಬರಬಹುದಿತ್ತು. ನಾನು ಅಳೆದೆ. ಭೂಮಾಪನ ಇಲಾಖೆಯಲ್ಲಿ 32 ವರ್ಷ ಕೆಲಸ ಮಾಡಿದವನು, 33 ಅಡಿಯ ಸರಪಳಿಯನ್ನು ಎರೆಮಣ್ಣಿನ ಹೊಲಗಳಲ್ಲಿ ಎಳೆದಾಡಿದವನು, ಕುಡುಗೋಲು ಹಿಡಿದು ನಿಂತ ಅಣ್ಣತಮ್ಮಂದಿರ ನಡುವೆ ಗಡಿ ಅಳೆದು ಹದ್ದುಬಸ್ತು ಮಾಡಿ ಬಾಂದುಕಲ್ಲು ನೆಡಿಸಿದವನು, ಒಂದು ಕಾಂಪೌಂಡ್ ಗೋಡೆಯ ಅಂಚಿಗೆ ಐದು ಮೀಟರಿನ ಟೇಪಿನ ಕೊಕ್ಕೆ ಸಿಕ್ಕಿಸಿ, ಕನ್ನಡಕ ಹಣೆಗೇರಿಸಿ ಬಾಗಿ ನೋಡಿದೆ. ಆರು ಇಂಚಿನ ಬ್ಲಾಕು, ಎರಡೂ ಕಡೆಯ ಗಿಲಾವು ಸೇರಿ ಆರೂವರೆ. "ಮೂರೂ ಕಾಲು ಇಂಚು" ಎಂದು ಗಟ್ಟಿಯಾಗಿ ಹೇಳಿಯೂ ಬಿಟ್ಟೆ. ಹುಡುಗ ತಲೆಯೆತ್ತದೆಯೇ, "ಸಾಹೇಬ್ರಿಗೆ ಕಾಲಿಂಚು ಲಾಭಾತು ನೋಡ್ರಿ" ಎಂದ. ಮಾಸ್ತರರು ನಕ್ಕರು. ಹೂವಿನಾಕೆ ನಕ್ಕಳು. ಪಕ್ಕದ ಮನೆಯವರು ಮಾತ್ರ ನಗಲಿಲ್ಲ. ನಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಆ ಗಡಿಬಿಡಿಯಲ್ಲಿ ಟೇಪಿನ ಹಿಡಿತ ತಪ್ಪಿ, ಅದು ಸರ್ರನೆ ಒಳಗೆ ಸೇರುವಾಗ ಅದರ ಅಂಚು ತೋರುಬೆರಳನ್ನು ಕೊಯ್ದಿತು. "ಅಯ್ಯ ಕಾಕಾ, ರಕ್ತ ಬರಾಕತ್ತೈತಿ" ಎಂದು ಅವರ ಮನೆಯಾಕೆ ಓಡಿಬಂದು ಅರಿಸಿನ ಹಚ್ಚಿ, ಕುರ್ಚಿ ಹಾಕಿ ಕೂರಿಸಿ ಚಹಾ ತಂದುಕೊಟ್ಟರು.

ಅಳತೆಯ ದಿನ ವಾದಿ ಪ್ರತಿವಾದಿ ಇಬ್ಬರ ಮನೆಯಲ್ಲೂ ಹನಿ ನೀರು ಮುಟ್ಟಬಾರದು ಎಂಬುದು ನೌಕರಿಯುದ್ದಕ್ಕೂ ನಾನು ಪಾಲಿಸಿದ ನೇಮ. ನಿನ್ನೆ ಆ ಚಹಾ ಕುಡಿದೆ. ಸಕ್ಕರೆ ಹದವಾಗಿದೆ ಎಂದೂ ಹೇಳಿದೆ. ಎದ್ದು ಬರುವಾಗ, ಆಡಿದ ಒಂದು ಮಾತೂ ನೆಟ್ಟಗಾಗಿರಲಿಲ್ಲ.

ರಾತ್ರಿಯೇ ವಕೀಲಿ ಮಾಡುವ ಅಳಿಯನಿಗೆ ಫೋನು ಮಾಡಿದೆ. ಅವನು ಇನ್ನೊಬ್ಬರ ಜಾಗ ಬಳಸುವ ಹಕ್ಕು, ಅನುಮತಿಗಳ ಬಗೆಗಿನ 1882ರ ಈಸ್‌ಮೆಂಟ್ ಕಾಯ್ದೆ ತೆಗೆದು ಓದಿ ಹೇಳಿದ್ದನ್ನು ಕೇಳಿ ಇದ್ದ ಸಮಾಧಾನವೂ ಹೋಯಿತು. ಅನುಮತಿಯನ್ನು ಬಾಯಲ್ಲಿ ಹೇಳಿಯೇ ಕೊಡಬೇಕೆಂದಿಲ್ಲ, 54ನೆಯ ಕಲಮಿನಂತೆ ನಡತೆಯಿಂದಲೂ ಕೊಟ್ಟಂತಾಗಬಹುದಂತೆ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಬಹುದು, ಆದರೆ ಪಡೆದವನು ಅದನ್ನು ನಂಬಿ ಹಣ ಖರ್ಚು ಮಾಡಿ ಶಾಶ್ವತ ಸ್ವರೂಪದ ಕೆಲಸ ಮಾಡಿದ್ದರೆ 60ನೆಯ ಕಲಮು ಅಡ್ಡ ಬರುತ್ತದಂತೆ. ಜಂಟಿ ಗೋಡೆಯಾದ್ದರಿಂದ ತಮಗೆ ಅನುಮತಿಯೇ ಬೇಕಿಲ್ಲ ಎಂದೂ ಅವರು ವಾದಿಸಬಹುದಂತೆ. ಹಾಗಾದರೆ ಬಲ್ಲವರು ಯಾರಾದರೂ ಹೇಳಿರಿ: ನಾಲ್ಕು ಬೋಲ್ಟು ಬಿಗಿದದ್ದು ಶಾಶ್ವತ ಕೆಲಸವೇ? ನೋಡೋಣು ಎಂಬುದು ಅನುಮತಿಯೇ? ಚಹಾ ಕುಡಿದದ್ದು ನಡತೆಯೇ? ಗೋಡೆಯಲ್ಲಿ ಅರ್ಧ ಅವರದೆಂದೇ ಒಪ್ಪೋಣ, ಅದರ ಮೇಲಿಂದ ನನ್ನ ಮನೆಯೊಳಗೆ ನುಗ್ಗುವ ಬಿಸಿಗಾಳಿಯನ್ನು ಯಾರ ಖಾತೆಗೆ ಬರೆಯಬೇಕು?

ಒಂದೂವರೆ ಟನ್ನಿನ ಏಸಿ ಕೋಣೆಯಿಂದ ಹೀರಿಕೊಳ್ಳುವ ಶಾಖವೇ ಸುಮಾರು ಐದು ಕಿಲೋವ್ಯಾಟು, ಅದರ ಕಂಪ್ರೆಸರು ಉಣ್ಣುವ ವಿದ್ಯುತ್ತು ಬೇರೆ. ಎರಡೂ ಹೊರಬೀಳುವುದು ಆ ಫ್ಯಾನಿನ ಮೂಲಕವೇ. ಅಂದರೆ ಅವರು ತಣ್ಣಗೆ ಮಲಗಲಿ ಎಂದು ನಮ್ಮ ಅಡಿಗೆಮನೆಯ ಕಿಟಕಿಗೆ ಒಂದೊಂದು ಕಿಲೋವ್ಯಾಟಿನ ಐದಾರು ಹೀಟರುಗಳನ್ನು ತಿರುಗಿಸಿಟ್ಟಂತೆ. ಮಲೆನಾಡಿನ ಸೆರಗಿನಲ್ಲಿರುವ ಈ ಊರಿನಲ್ಲಿ, ಮಂಗಳೂರು ಹೆಂಚಿನ ಮನೆಗಳಲ್ಲಿ ಫ್ಯಾನಿಲ್ಲದೆ ಬೇಸಗೆ ಕಳೆದವರು ನಾವು. ಈಗಿನ ಏಪ್ರಿಲ್ ಆಗಿನ ಏಪ್ರಿಲ್ ಅಲ್ಲ, ಅದನ್ನೂ ಒಪ್ಪುತ್ತೇನೆ. ಅವರ ಮನೆಯಲ್ಲಿ ಎಳೆಗೂಸು ಇದೆ, ಸೆಕೆಗೆ ಅತ್ತರೆ ನಮಗೇ ಕೇಳಿಸುತ್ತದೆ. ಆದರೂ ಕೇಳಿ ಹಚ್ಚಿಸಬಹುದಿತ್ತಲ್ಲ! ಕೇಳಿದ್ದರು, ಸರಿ. ಉತ್ತರ ಬರುವ ತನಕ ಕಾಯಬಹುದಿತ್ತಲ್ಲ!

ಸದ್ದಿನ ವಿಷಯವನ್ನಾದರೂ ಹಿಡಿಯೋಣವೆಂದು ಹೊರಟೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಮೊಬೈಲಿಗೆ ಅಳೆಯುವ ಆಪ್ ಹಾಕಿಕೊಂಡು ಮಧ್ಯರಾತ್ರಿ ಗೋಡೆಗೆ ಹಿಡಿದರೆ 51 ತೋರಿಸಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ನನ್ನ ಹೆಂಡತಿ ಕಿಟಕಿಯಿಂದ "ಹುಚ್ಚು ಹಿಡಿದೈತೇನ್ರೀ ನಿಮಗ, ಒಳಗ ಬರ್ರಿ" ಎಂದಳು, 68 ತೋರಿಸಿತು. ಬೆಳಿಗ್ಗೆ ಐದೂವರೆಗೆ ನಾವು ಹಚ್ಚುವ ನೀರಿನ ಮೋಟರನ್ನು ಅಳೆಯುವ ಧೈರ್ಯ ಮಾಡಲಿಲ್ಲ. ಆ ಮೋಟರಿನ ಪೈಪು ಇದೇ ಗೋಡೆಯ ಮೇಲೆಯೇ, ಐದು ಕ್ಲ್ಯಾಂಪುಗಳಲ್ಲಿ, ಗೋಡೆ ಕಟ್ಟಿದ ವರ್ಷದಿಂದ ಹಾದುಹೋಗಿದೆ. ಅದಕ್ಕೆ ನಾನು ಯಾರನ್ನೂ ಕೇಳಿರಲಿಲ್ಲ. ನಿನ್ನೆ ಅವರು ಆ ಪೈಪನ್ನು ಒಮ್ಮೆ ನೋಡಿದರೇ ಹೊರತು ಬಾಯಿ ಬಿಡಲಿಲ್ಲ. ಆ ನೋಟ ಟೇಪಿಗಿಂತ ಆಳವಾಗಿ ಕೊಯ್ದಿದೆ. ಪೈಪು ಬಿಸಿಗಾಳಿ ಊದುವುದಿಲ್ಲ ಎಂಬ ಉತ್ತರ ನನಗೆ ಹೊಳೆದದ್ದು ರಾತ್ರಿ ಎರಡು ಗಂಟೆಗೆ.

ನಿದ್ದೆ ಬಾರದೆ ಲೆಕ್ಕವನ್ನೂ ಹಾಕಿದೆ. ನಲವತ್ತು ಅಡಿ ಉದ್ದದ ಗೋಡೆಯಲ್ಲಿ ನನ್ನ ಮೂರು ಇಂಚು ಎಂದರೆ ಹತ್ತು ಚದರ ಅಡಿ; ಗಿಲಾವಿನ ಕಾಲಿಂಚು ಬಿಟ್ಟಿದ್ದೇನೆ. ಗುಂಟೆಗೆ 1089 ಚದರ ಅಡಿ, ಗುಂಟೆಗೆ ಹದಿನಾರು ಆಣೆ, ಹಾಗಾದರೆ ಆಣೆಗೆ 68. ನಾನು ಇಷ್ಟೆಲ್ಲ ಹಾರಾಡುತ್ತಿರುವುದು ಒಂದು ಆಣೆಯ ಏಳನೆಯ ಒಂದು ಪಾಲಿಗೆ. ಇಂಥ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ಅರ್ಜಿದಾರನಿಗೆ ಬುದ್ಧಿ ಹೇಳಿ ಕಳಿಸುತ್ತಿದ್ದೆ. ಆದರೆ ಬೋಲ್ಟು ನನ್ನ ಪಾಲನ್ನೂ ದಾಟಿ ಒಂದಿಂಚು ಈಚೆಗೆ ಬಂದಿದೆ, ಅದನ್ನು ಬಿಡುವುದು ಹೇಗೆ?

ಇನ್ನು ಡ್ರೈನ್ ಪೈಪು. ಅದರ ತುದಿಯೂ ನಮ್ಮ ಕಡೆಗೇ ಇಳಿಬಿದ್ದು ಹನಿಯುತ್ತದೆ. ನನ್ನ ಹೆಂಡತಿ ಅದರ ಕೆಳಗೆ ಬಕೀಟು ಇಟ್ಟು, ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕತೊಡಗಿದ್ದಾಳೆ. 54ನೆಯ ಕಲಮಿನ ಪ್ರಕಾರ ಇದು ನಮ್ಮ ನಡತೆ ಎನಿಸಿಕೊಳ್ಳುತ್ತದೆ, ಬಕೀಟು ತೆಗೆ ಎಂದು ಕೂಗಾಡಿದೆ. ಕಲಮಿಗೆ ಹೇಳಿ ಅಂಗಳ ಒರೆಸಿಸಿರಿ ಎಂದಳು.

ಇಂದು ಬೆಳಿಗ್ಗೆ ನೋಟಿಸಿನ ಕರಡು ಬರೆಯುತ್ತ ಹಿತ್ತಲಲ್ಲಿ ಕುಳಿತಿದ್ದೆ. ಗೋಡೆಯ ಆಚೆಯಿಂದ ಅವರು ಇಣುಕಿ, "ಸರ, ಬಕೀಟ ತುಂಬೇತಿ ನೋಡ್ರಿ" ಎಂದರು. ಕಾಗದ ಮಡಚಿಟ್ಟು ಎದ್ದು ಹೋಗಿ, ತುಂಬಿದ್ದನ್ನು ಗಿಡಕ್ಕೆ ಸುರಿದು, ಖಾಲಿ ಬಕೀಟನ್ನು ಮತ್ತೆ ಅಲ್ಲಿಯೇ ಇಟ್ಟು ಬಂದೆ.