‘ಯಾವುದೇ ಡಿಗ್ರಿ ಇದ್ದರೆ ಒಂದೇ ವರ್ಷಕ್ಕೆ ಬಿಎಸ್ಸಿ ನರ್ಸಿಂಗ್’: ಇದು ನಿಜವಲ್ಲ

ದಾವಣಗೆರೆ, ಚಿತ್ರದುರ್ಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಸಂದೇಶವಿದು: ‘ಬಿಎ, ಬಿಕಾಂ ಆದವರಿಗೂ 12 ತಿಂಗಳಲ್ಲಿ ನರ್ಸಿಂಗ್ ಪದವಿ, ತರಗತಿಗೆ ಬರಬೇಕಿಲ್ಲ.’ ನಮ್ಮ ದೇಶದಲ್ಲಿ ಅಂಥ ದಾರಿ ಇಲ್ಲ.

ಈ ಗೊಂದಲ ಅಮೆರಿಕದ ಕೋರ್ಸ್‌ನಿಂದ ಹುಟ್ಟಿರಬಹುದು. ಅಲ್ಲಿ ಬೇರೆ ವಿಷಯದಲ್ಲಿ ಪದವಿ ಪಡೆದವರಿಗೆ ಸುಮಾರು 11ರಿಂದ 18 ತಿಂಗಳ ವೇಗದ ಕೋರ್ಸ್ ಇದೆ. ಅದಕ್ಕೂ ಮೊದಲು ಸಾಮಾನ್ಯವಾಗಿ ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರಗಳನ್ನು ಓದಿರಲೇಬೇಕು. ರಜೆ ತೀರಾ ಕಡಿಮೆ, ಜೊತೆಗೆ ಕೆಲಸ ಮಾಡುವುದು ಬಹಳ ಕಷ್ಟ.

ಇಲ್ಲಿ ಬಿಎಸ್ಸಿ ನರ್ಸಿಂಗ್ 4 ವರ್ಷ, 8 ಸೆಮಿಸ್ಟರ್. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಬೇಕು. ಚಿಕ್ಕ ದಾರಿ ಒಂದೇ, ಅದೂ ಈಗಾಗಲೇ ನರ್ಸ್ ಆದವರಿಗೆ: 3 ವರ್ಷದ ಜಿಎನ್‌ಎಂ (ನರ್ಸಿಂಗ್ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ) ಮುಗಿಸಿ ನೋಂದಣಿ ಆದವರಿಗೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ.

‘ತರಗತಿಗೆ ಬರಬೇಕಿಲ್ಲ’ ಎನ್ನುವುದೇ ಹೆಚ್ಚು ಅಪಾಯದ ಮಾತು. ಪರೀಕ್ಷೆಗೆ ಕೂರಲು 80% ಹಾಜರಿ, ಪದವಿ ಕೈಗೆ ಬರುವ ಮೊದಲು ವಾರ್ಡ್ ತರಬೇತಿಯಲ್ಲಿ 100% ಹಾಜರಿ ಇರಬೇಕು. ಡ್ರಿಪ್ ಹನಿಯ ವೇಗ ಲೆಕ್ಕ ಹಾಕುವುದು, ಕ್ಯಾತಿಟರ್ (ಮೂತ್ರದ ನಳಿಕೆ) ಹಾಕುವಾಗ ಕೈಗವಸು ಶುದ್ಧವಲ್ಲದ ಯಾವುದಕ್ಕೂ ತಾಗದಂತೆ ನೋಡಿಕೊಳ್ಳುವುದು ರೋಗಿಯ ಪಕ್ಕದಲ್ಲೇ ಕಲಿಯಬೇಕಾದ ಕೆಲಸ.

ದುಡ್ಡು ಕಟ್ಟುವ ಮೊದಲು ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಆ ವರ್ಷ, ಆ ಕೋರ್ಸ್ ಮೂರನ್ನೂ ನೋಡಿ. ನಂತರ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ (ಅಫಿಲಿಯೇಷನ್) ಇದೆಯೇ ಎಂದು ಕೇಳಿ. ಮಾನ್ಯತೆ ಇಲ್ಲದ ಪ್ರಮಾಣಪತ್ರಕ್ಕೆ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಸಿಗದು. ನೋಂದಣಿ ಇಲ್ಲದಿದ್ದರೆ ಸರ್ಕಾರಿ ಹುದ್ದೆಗೆ ಅರ್ಜಿಯನ್ನೂ ಹಾಕಲಾಗದು.